ಸಾಸಿವೆ ನುಂಗಿದ ಬೆಳಗು

ಹಕ್ಕಿಗಳ ಮೇಲೆ ಮೊದಲ ದೂರು ಬಂದ ದಿನ ನನ್ನ ಹೆಂಡತಿ ನೀಲಾಂಬಿಕಾ ಕಂಟ್ರೋಲ್ ರೂಮಿನಿಂದ ನನಗೆ ಫೋನು ಮಾಡಿ ಬಿದ್ದು ಬಿದ್ದು ನಕ್ಕಳು.

"ಏನ್ರೀ, ಕೇಳ್ರಿಲ್ಲೆ. ನಮ್ಮ ಓಣಿ ರಾಚಪ್ಪನವರು ಫೋನ್ ಮಾಡಿದ್ರು. ನಸುಕಿನ್ಯಾಗ ಯಾರೋ ಸೀಟಿ ಹೊಡದಂಗ ಆಗತೈತಂತ. ಯಾವುದೋ ಮಷೀನು ಕೆಟ್ಟೈತಿ, ಬಂದು ನೋಡ್ರಿ ಅಂತಾರ."

"ಮಷೀನಲ್ಲ ಅದು. ಮಡಿವಾಳ ಹಕ್ಕಿ."

"ನಾನೂ ಅದನ್ನ ಹೇಳಿದೆ. ಹಂಗಾರ ಅದನ್ನ ಬಂದ್ ಮಾಡ್ರಿ ಅಂದ್ರು!"

ನಾನೂ ನಕ್ಕೆ. ಆಗ ನಗದೆ ಇನ್ನೇನು ಮಾಡುವುದಿತ್ತು?

ನಾನು ಧಾರವಾಡದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಚನ್ನವೀರ ಎಂದು ಹೆಸರು. ಹಕ್ಕಿಗಳ ಬೆಳಗಿನ ಹಾಡಿನ ಮೇಲೆ ಡಾಕ್ಟರೇಟು ಮಾಡಿದ್ದೇನೆ. ನಿದ್ದೆಯ ಮೇಲೆ ಮಾಡಬೇಕಿತ್ತು ಎನ್ನುತ್ತಾಳೆ ನೀಲಾ, ಏಕೆಂದರೆ ಬಿಸಿಲು ಮುಖಕ್ಕೆ ಬೀಳುವ ಮೊದಲು ಏಳುವುದು ನನ್ನ ಹಣೆಯಲ್ಲೇ ಬರೆದಿಲ್ಲ. ಸಂಜೆ ಹೋಗಿ ಧ್ವನಿಮುದ್ರಣದ ಯಂತ್ರಗಳನ್ನು ಮರಗಳಿಗೆ ಕಟ್ಟಿ ಬರುತ್ತಿದ್ದೆ. ನಸುಕಿನಲ್ಲಿ ಅವು ಎಚ್ಚರ ಇರುತ್ತಿದ್ದವು, ನಾನು ಮಲಗಿರುತ್ತಿದ್ದೆ. ವಿಜ್ಞಾನ ಇಷ್ಟು ಮುಂದುವರಿದಿರುವಾಗ ಮನುಷ್ಯ ಬೆಳಗಿನ ನಿದ್ದೆ ಕೆಡಿಸಿಕೊಳ್ಳುವುದು ದಡ್ಡತನ ಎಂದು ನನ್ನ ಅಭಿಪ್ರಾಯ.

ಸಾಸಿವೆಯ ವಿಷಯ ನಮ್ಮೂರಿನವರಿಗೆಲ್ಲ ಗೊತ್ತು. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಇದು ಒಗ್ಗರಣೆಯ ಸಾಸಿವೆಯಲ್ಲ. ಗೋಡೆಗೆ ಬಳಿಯುವ ಬಣ್ಣದಲ್ಲಿ ಕಲೆಸಿದ ಸಣ್ಣ ಸಣ್ಣ ಕಾಳುಗಳು. ಒಂದೊಂದು ಕಾಳಿಗೂ ಒಂದು ಕಿವಿ, ತಮಟೆಗೆ ಇರುವಂಥ ಒಂದು ಚೂರು ಚರ್ಮ. ಹೆದ್ದಾರಿಯ ಲಾರಿಯ ಸದ್ದು ಗಾಳಿಯಲ್ಲಿ ಅಲೆಯಾಗಿ ಬಂದರೆ ಕಾಳು ಅದನ್ನು ಕೇಳಿ ಸರಿಯಾಗಿ ಅದರ ಉಲ್ಟಾ ಅಲೆಯನ್ನು ಎಬ್ಬಿಸುತ್ತದೆ. ಬಂದ ಅಲೆ ಏಳುವಲ್ಲಿ ಇದು ಇಳಿಯುತ್ತದೆ, ಅದು ಇಳಿಯುವಲ್ಲಿ ಇದು ಏಳುತ್ತದೆ. ಎರಡೂ ಕೂಡಿದರೆ ಎಲ್ಲ ಸಪಾಟು, ಸದ್ದೇ ಇಲ್ಲ. ಒಂದು ಕಾಳಿನಿಂದ ಏನೂ ಆಗದು. ಊರಿನ ಗೋಡೆಗಳೆಲ್ಲ ಒಟ್ಟಾಗಿ ಹೀಗೆ ಮಾಡಿದರೆ ಲಾರಿ ಕಣ್ಣೆದುರೇ ಹೋದರೂ ಕಿವಿಗೆ ಬೀಳುವುದಿಲ್ಲ. ಹಾರ್ನ್ ಒಂದನ್ನು ಮಾತ್ರ ಬಿಟ್ಟಿದ್ದರು. ಹಾರ್ನಿಲ್ಲದಿದ್ದರೆ ನಮ್ಮ ಜನ ರಸ್ತೆ ದಾಟುವುದು ಹೇಗೆ?

ಯಾವುದನ್ನು ನುಂಗಬೇಕು, ಯಾವುದನ್ನು ಬಿಡಬೇಕು ಎಂದು ಕಾಳುಗಳಿಗೆ ಹೇಳುವುದು ಕಂಟ್ರೋಲ್ ರೂಮಿನ ಕೆಲಸ. ಅದನ್ನು ನಡೆಸುವುದು ನಿಶ್ಶಬ್ದ ಮಂಡಳಿ. ಅಲ್ಲಿನ ಮುಖ್ಯ ಇಂಜಿನಿಯರು ನಮ್ಮ ನೀಲಾ. ಅವಳು ಮಾಡಿದ ಕಾನೂನು ಸರಳವಾಗಿತ್ತು: ಯಂತ್ರದ ಸದ್ದನ್ನು ನುಂಗು, ಗಂಟಲಿನ ಸದ್ದನ್ನು ಬಿಡು.

ಸಾಸಿವೆ ಬರುವ ಮೊದಲು ನಮ್ಮ ಕಲ್ಲಭಾವಿ ಓಣಿಯ ಮಡಿವಾಳ ಹಕ್ಕಿಗಳು ನಡುರಾತ್ರಿಯಲ್ಲಿ ಹಾಡುತ್ತಿದ್ದವು. ಕೆಲವು ಬೀದಿದೀಪವನ್ನೇ ಬೆಳಗೆಂದು ತಿಳಿದಿದ್ದವು. ಇನ್ನು ಕೆಲವಕ್ಕೆ ಲಾರಿಗಳ ಗದ್ದಲ ತಗ್ಗುವ ಹೊತ್ತು ಅದೊಂದೇ. ಹಗಲಲ್ಲಿ ಹಾಡಿದರೂ ಸಂತೆಯಲ್ಲಿ ಮಾತಾಡುವವರ ಹಾಗೆ ದನಿ ಏರಿಸಿ ಕಿರಿಚುತ್ತಿದ್ದವು. ಕೆಳಗಿನ ದನಿಗಳೆಲ್ಲ ಇಂಜಿನ್ನಿನ ಗುಡುಗಿನಲ್ಲಿ ಮುಳುಗಿಹೋಗುವುದರಿಂದ ಅವನ್ನು ಹಾಡುವುದನ್ನೇ ಬಿಟ್ಟಿದ್ದವು. ಸಾಸಿವೆ ಬಂತು. ಬೀದಿದೀಪದ ಬೆಳಕು ಮೇಲೆ ಹೋಗದಂತೆ ಮಂಡಳಿ ಮುಚ್ಚಳವನ್ನೂ ಹಾಕಿಸಿತು. ಒಂದೇ ವರ್ಷದಲ್ಲಿ ಹಕ್ಕಿಗಳು ಬೆಳಗಿಗೆ ಮರಳಿದವು. ಯಂತ್ರ ತಂದ ಹಾಡನ್ನು ಮೊದಲ ಸಲ ಕೇಳಿದಾಗ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಓದುವ ದಿನಗಳಲ್ಲಿ ಕಾಡಿನಲ್ಲಿ ಮಾತ್ರ ಕೇಳಿದ್ದ ಕೆಳದನಿ ನಮ್ಮ ಓಣಿಯ ನುಗ್ಗೆಮರದಿಂದ ಬರುತ್ತಿತ್ತು. ಆ ಸಂತೋಷಕ್ಕೆ ನೀಲಾಳಿಗೊಂದು ಸೀರೆ ತಂದೆ. ಬಣ್ಣ ಸರಿಯಿಲ್ಲವೆಂದು ಮರುದಿನ ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದಳು.

ಆದರೆ ಓಣಿಯ ಜನ ಇಂಥ ಹಾಡು ಕೇಳಿ ಒಂದು ತಲೆಮಾರೇ ಆಗಿತ್ತು. ಲಾರಿಯ ಜೋಗುಳಕ್ಕೆ ಮಲಗಿ ಬೆಳೆದವರು ಅವರು. ನಿಶ್ಶಬ್ದದ ನಡುವೆ ಮಡಿವಾಳ, ಪಿಕಳಾರ, ಕೋಗಿಲೆ, ಕೆಂಬೂತ ಎಲ್ಲ ಒಟ್ಟಿಗೇ ಶುರುಮಾಡಿದರೆ ಅವರಿಗೆ ಎದೆ ಝಲ್ಲೆನ್ನುತ್ತಿತ್ತು. ದೂರುಗಳು ಹೆಚ್ಚಿದವು. ಒಬ್ಬರಿಗೆ ರಕ್ತದೊತ್ತಡವಂತೆ, ಇನ್ನೊಬ್ಬರ ಕೂಸು ಬೆಚ್ಚಿಬೀಳುತ್ತದಂತೆ. ರಾಚಪ್ಪನವರಂತೂ ನಮ್ಮ ಮನೆಗೇ ಬಂದು ಕುಳಿತರು. ಅವರು ನಮ್ಮ ವಾರ್ಡಿನ ಸದಸ್ಯರು, ಗ್ರಿಲ್ ಮಾಡುವ ಕಾರ್ಖಾನೆ ಇಟ್ಟವರು, ಮನಸ್ಸಿನಿಂದ ಕೆಟ್ಟವರಲ್ಲ.

"ಮೇಡಮ್ಮಾರ, ನಮ್ಮ ಹುಡುಗಗ ಪರೀಕ್ಷಾ ಅದಾವ್ರಿ. ರಾತ್ರಿಯೆಲ್ಲಾ ಓದಿ ಆಗಷ್ಟ ಕಣ್ಣ ಮುಚ್ಚಿರತಾನ, ಇವುಗಳ ಕಛೇರಿ ಚಾಲೂ ಆಕ್ಕೈತಿ. ಪರೀಕ್ಷಾ ಮುಗಿಯೂತನಕ ನಮ್ಮ ಓಣಿಯೊಳಗಷ್ಟ ಬಂದ್ ಮಾಡ್ರಿ. ಮಂಡಳಿಯವರಿಗೆ ನಾ ಹೇಳಿ ಹುಕುಂ ಕೊಡಸ್ತೀನಿ."

ಹುಕುಂ ಬಂದೇಬಂತು. ನೀಲಾಳಿಗೆ ಮನಸ್ಸಿರಲಿಲ್ಲ. ಗಂಟಲಿನ ಸದ್ದನ್ನು ಮುಟ್ಟಬಾರದೆಂದು ಕಾನೂನು ಮಾಡಿದವಳು ತಾನೇ ಅದನ್ನು ಮುರಿಯಬೇಕಾಯಿತಲ್ಲ ಎಂದು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು. ಕೊನೆಗೆ, ಒಂದು ಓಣಿ, ನಸುಕಿನ ಹೊತ್ತು, ಪರೀಕ್ಷೆ ಮುಗಿಯುವವರೆಗೆ ಎಂದು ಒಪ್ಪಿಕೊಂಡಳು.

ಯಾವುದು ಹಕ್ಕಿ ಎಂದು ಕಾಳುಗಳಿಗೆ ಮೊದಲು ಕಲಿಸಬೇಕು. ಮಂಡಳಿಯ ಹತ್ತಿರ ನಮ್ಮ ಓಣಿಯ ಬೆಳಗಿನ ಸದ್ದುಗಳ ಧ್ವನಿಮುದ್ರಣ ವರ್ಷಗಟ್ಟಲೆಯದು ಇತ್ತು. ನೀಲಾ ಮತ್ತು ಅವಳ ಕೈಕೆಳಗಿನ ನಾಲ್ಕಾರು ಜನ ಕೂತು ಕೇಳಿ, ಹಾಲಿನವನ ಗಂಟೆ, ಕಸಬರಿಗೆಯ ಸದ್ದು, ಕೆಮ್ಮು, ನಾಯಿ ಎಲ್ಲವನ್ನೂ ಬೇರ್ಪಡಿಸಿ ತೆಗೆದರು. ಉಳಿದದ್ದನ್ನು, ಇದು ಹಕ್ಕಿ, ಇದನ್ನು ನುಂಗಿ ಎಂದು ಕಾಳುಗಳಿಗೆ ಒಪ್ಪಿಸಿದರು. ಮರುದಿನದಿಂದ ನಮ್ಮ ಓಣಿಯಲ್ಲಿ ಬೆಳಗು ಸದ್ದಿಲ್ಲದೆ ಆಗತೊಡಗಿತು. ರಾಚಪ್ಪನವರು ಫೇಡೆ ಕಳಿಸಿದರು. ನಾನೂ ತಿಂದೆ.

ಇನ್ನು ನನ್ನ ಅಕ್ಕನ ವಿಷಯ. ನಮ್ಮ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ ಅಕ್ಕ ದಾಕ್ಷಾಯಿಣಿ ಇರುತ್ತಾಳೆ. ಹಾಡುಗಾರ್ತಿ. ಅರವತ್ತರ ಹತ್ತಿರ ಬಂದಿದ್ದಾಳೆ, ಮದುವೆಯಾಗಿಲ್ಲ. ತಂಬೂರಿಯೇ ನಿಮ್ಮ ಗಂಡ ಎಂದು ಯಾರಾದರೂ ಹೊಗಳಲು ಹೋದರೆ, "ಗಂಡ ಅನ್ನಾಂವ ಇಷ್ಟು ಶ್ರುತಿಗೆ ಕುಂದ್ರತಾನೇನು?" ಎಂದು ಕೇಳುತ್ತಾಳೆ. ನನಗೆ ತಿಳಿವಳಿಕೆ ಬಂದಾಗಿನಿಂದ ಅವಳು ನಸುಕಿನಲ್ಲಿ ಎದ್ದು ಮಾಳಿಗೆಯ ಮೇಲೆ ಕೂತು ರಿಯಾಜು ಮಾಡುವವಳು. ಕೆಳಗಿನ ಸಾ ಹಿಡಿದು ಒಂದೊಂದೇ ಸ್ವರ ಏರಿಸುತ್ತ ಮೇಲಿನ ಸಾ ತನಕ ಹೋಗುವುದು, ಮತ್ತೆ ಇಳಿಯುವುದು. ಈ ಊರಿನಲ್ಲಿ ಅದೇನು ವಿಶೇಷವಲ್ಲ. ಯಾವ ಓಣಿಗೆ ಹೋದರೂ ಬೆಳಗಿನ ಜಾವ ಒಂದಾದರೂ ಮಾಳಿಗೆಯ ಮೇಲೆ ಒಬ್ಬರಾದರೂ ಸಾ ಹಚ್ಚಿಕೊಂಡು ಕೂತಿರುತ್ತಾರೆ.

ಕಳೆದ ಮಳೆಗಾಲದಲ್ಲಿ ಅಕ್ಕನ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡಿತು. ಆಪರೇಷನ್ನಾಯಿತು. ಡಾಕ್ಟರು ಕೆಲವು ತಿಂಗಳು ಹಾಡಲೇಬಾರದು ಎಂದರು. ಆಮೇಲೆ ಬೆಳಗ್ಗೆ ಅರ್ಧ ಗಂಟೆ, ದನಿ ತಾಜಾ ಇರುವಾಗ ಮಾತ್ರ, ಉಳಿದ ಹೊತ್ತಿನಲ್ಲಿ ಗುನುಗುವುದೂ ಕೂಡದು ಎಂದರು. "ದನಿ ಬರಬಹುದ್ರಿ, ಬರದನೂ ಇರಬಹುದು. ಹಾಡಾಕ ಹತ್ತಿದ ಮ್ಯಾಲೆ ನಿಮಗ ತಿಳಿತೈತಿ" ಎಂದು ಅವರು ಹೇಳಿದ ಮಾತನ್ನು ನಮ್ಮ ಮೂವರಲ್ಲಿ ಯಾರೂ ಮರೆತಿರಲಿಲ್ಲ. ಅಕ್ಕ ಮತ್ತೆ ಹಾಡಲು ಕೂತದ್ದು ಹಕ್ಕಿಗಳನ್ನು ಬಂದ್ ಮಾಡಿದ ವಾರದಲ್ಲಿ. ಹೇಗಿದೆ ದನಿ ಎಂದು ಕೇಳಿದರೆ, "ನೋಡೂಣು, ಇನ್ನೂ ಎಳೇದೈತಿ" ಎನ್ನುತ್ತಿದ್ದಳು. ನಾನು ಮಲಗಿರುವ ಹೊತ್ತು ಅದು, ನೀಲಾ ಕಂಟ್ರೋಲ್ ರೂಮಿಗೆ ಹೋಗಿರುವ ಹೊತ್ತು. ಅಕ್ಕ ಹೇಳಿದ್ದನ್ನೇ ನಂಬಿದೆವು.

ಈ ನಡುವೆ ಓಣಿಯ ಹಕ್ಕಿಗಳಿಗೆ ಏನೋ ಆಗತೊಡಗಿತ್ತು. ಕಾಲೇಜಿಗೆ ಹೊರಡುವ ಹೊತ್ತಿಗೆ ನೋಡಿದರೆ ಗಂಡು ಮಡಿವಾಳಗಳು ಕಾಂಪೌಂಡಿನ ಮೇಲೆ ಕೊಕ್ಕಿಗೆ ಕೊಕ್ಕು ಹಚ್ಚಿ ಕಾದಾಡುತ್ತಿದ್ದವು. ಮರಿಗಳಿಗೆ ಹುಳ ತರಬೇಕಾದ ಹೊತ್ತಿನಲ್ಲೂ ಬಾಯಿ ತೆರೆದು ಹಾಡುತ್ತಲೇ ಕೂತಿರುತ್ತಿದ್ದವು, ಬೆಳಗ್ಗೆ ಆಗದೆ ಉಳಿದ ಕೆಲಸವನ್ನು ಮುಗಿಸುವವರ ಹಾಗೆ. ಒಂದರ ಕತ್ತಿನ ಪುಕ್ಕವೇ ಕಿತ್ತುಹೋಗಿತ್ತು. ಮಂಡಳಿಗೆ ಒಂದು ವರದಿ ಬರೆಯಬೇಕೆಂದುಕೊಂಡೆ. ಅಷ್ಟರಲ್ಲಿ ರಾಚಪ್ಪನವರೂ ಓಣಿಯ ಕೆಲವರೂ ಪರೀಕ್ಷೆ ಮುಗಿದ ಮೇಲೂ ಹೀಗೇ ಇರಲಿ, ಬಹಳ ಸುಖವಾಗಿದೆ ಎಂದು ಮಂಡಳಿಗೆ ಕೇಳಿಕೊಂಡರೆಂದು ನೀಲಾ ಹೇಳಿದಳು.

ಒಂದು ಭಾನುವಾರ ಉಪ್ಪಿಟ್ಟು ತಿನ್ನುತ್ತ ಅಕ್ಕ ಕೇಳಿದಳು: "ಚನ್ನೂ, ಈ ಹಕ್ಕಿ ಮುಂಜಾನೆನ ಯಾಕ ಹಾಡತಾವೋ?"

"ಒಬ್ಬೊಬ್ಬರು ಒಂದೊಂದು ಹೇಳ್ತಾರಕ್ಕಾ. ನಸುಕಿನ್ಯಾಗ ಹುಳಾ ಕಾಣಸೂದಿಲ್ಲ, ಹೊಟ್ಟಿ ಕೆಲಸ ಇರೂದಿಲ್ಲ, ಅದಕ್ಕ ಹಾಡತಾವು ಅಂತಾರ. ಗಾಳಿ ನಿಂತಿರತೈತಿ, ದನಿ ದೂರ ಮುಟ್ಟತೈತಿ ಅಂತಾರ. ಹೆಣ್ಣಹಕ್ಕಿ ಆಗ ಕಿವಿಗೊಟ್ಟು ಕೇಳತಿರತೈತಿ. ಮತ್ತ ಇನ್ನೊಂದು ಐತಿ. ಬೆಕ್ಕು, ಗೂಗಿ, ಚಳಿ ಎಲ್ಲಾ ದಾಟಿ ಬಂದೀನಿ, ಇನ್ನೂ ಅದೀನಿ, ಈ ಟೊಂಗಿ ನಂದು ಅಂತ ಬಾಜೂದವಗ ಹೇಳೂದು."

"ಇಷ್ಟರಾಗ ಖರೆ ಯಾವುದು?"

"ಪೂರಾ ಯಾರಿಗೂ ಗೊತ್ತಿಲ್ಲ. ಎಲ್ಲಾ ಒಂದೀಟೀಟು ಖರೆ ಇರಬೇಕು."

"ಹಾಡಿದ್ದು ಬಾಜೂದವಗ ಕೇಳಸಲಿಲ್ಲಂದ್ರ?"

"ಇಂವ ಸತ್ತಾನ ಅಂತ ತಿಳಕೊಂಡು ಜಾಗಾ ಹಿಡ್ಯಾಕ ಬರತಾನ. ಈಗ ನಮ್ಮ ಓಣ್ಯಾಗ ಅದ ನಡದೈತಿ."

ಅಕ್ಕ ತಟ್ಟೆ ಸರಿಸಿದಳು. ಅರ್ಧ ಉಪ್ಪಿಟ್ಟು ಹಾಗೇ ಇತ್ತು. "ನನ್ನ ತಂಬೂರಿ ಆ ಶಿಗ್ಗಾಂವಿ ಹುಡಿಗಿಗೆ ಕೊಟ್ಟಬಿಡ್ತೀನಿ. ಬರೂ ಶನಿವಾರ ಒಯ್ಯಾಕ ಬರತಾಳ" ಎಂದಳು. ಶಿಗ್ಗಾಂವಿಯ ಹುಡುಗಿ ಅವಳ ಶಿಷ್ಯೆ.

"ಯಾಕ? ನೀ ಏನ ಮಾಡ್ತಿ?"

"ಸಾಕಾತೋ. ಕೋಣ್ಯಾಗ ಜಾಗಾನೂ ಇಲ್ಲ."

ಜಾಗವಿಲ್ಲವಂತೆ. ಆ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು, ತಂಬೂರಿ ಬಿಟ್ಟರೆ ಬೇರೇನೂ ಇಲ್ಲ. ಅಕ್ಕ ತಂಬೂರಿ ಕೊಡುವುದೆಂದರೆ ಏನರ್ಥ ಎಂದು ಕೇಳಬೇಕಾಗಿರಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಅವಳು ಮೆಟ್ಟಿಲು ಹತ್ತಿ ಹೋದ ಮೇಲೆ ನೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವರದಿ ಬರೆಯಬೇಕಾದರೆ ಹಕ್ಕಿಗಳನ್ನು ಅವು ಹಾಡುವ ಹೊತ್ತಿನಲ್ಲೇ ಕಣ್ಣಾರೆ ನೋಡಬೇಕಿತ್ತು. ದನಿಯೇ ಇಲ್ಲದ ಮೇಲೆ ನನ್ನ ಯಂತ್ರಗಳು ಏನು ಹಿಡಿದಾವು? ಹೀಗಾಗಿ ಜೀವಮಾನದಲ್ಲಿ ಅಪರೂಪಕ್ಕೆ ಒಂದು ದಿನ ನಸುಕಿನಲ್ಲಿ ಎದ್ದೆ. ಶಾಲು ಹೊದ್ದು, ನನ್ನ ನಸೀಬನ್ನು ಬೈದುಕೊಳ್ಳುತ್ತ ಮಾಳಿಗೆಗೆ ಹೋದೆ.

ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟೆ. ಅಕ್ಕ ಚಾಪೆಯ ಮೇಲೆ ಪಕ್ಕಕ್ಕೆ ಮುಖ ಮಾಡಿ ಕೂತಿದ್ದಳು. ತಂಬೂರಿಯ ಸದ್ದು ಸಣ್ಣಗೆ ಕೇಳುತ್ತಿತ್ತು. ಅವಳು ಕೆಳಗಿನ ಸಾ ಹಿಡಿದಳು, ಅದೂ ಕೇಳಿತು. ರಿ, ಗ, ಮ ಎಂದು ಒಂದೊಂದೇ ಏರಿಸಿದಳು. ದನಿ ಸ್ವಲ್ಪ ನಡುಗುತ್ತಿದ್ದರೂ ಅಕ್ಕನದೇ ದನಿ. ಇನ್ನೇನು ಮೇಲಿನ ಸಾ ಮುಟ್ಟಬೇಕು, ಅಷ್ಟರಲ್ಲಿ ದನಿ ಕತ್ತರಿಸಿದಂತೆ ನಿಂತಿತು. ಆದರೆ ಅವಳ ಬಾಯಿ ತೆರೆದೇ ಇತ್ತು. ಕತ್ತಿನ ನರ ಉಬ್ಬಿತ್ತು, ಕೈ ಮೇಲೆದ್ದಿತ್ತು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ತಂಬೂರಿಯೊಂದೇ ಮಿಡಿಯುತ್ತಿತ್ತು.

ಅವಳಿಂದ ನಾಲ್ಕು ಮಾರು ಆಚೆ ನೀರಿನ ಟ್ಯಾಂಕಿನ ಮೇಲೆ ಆ ಪುಕ್ಕ ಕಿತ್ತ ಮಡಿವಾಳ ಕೂತಿತ್ತು. ಬಾಲ ಎತ್ತಿ, ಕೊಕ್ಕು ತೆರೆದು, ಗಂಟಲು ಅದುರಿಸುತ್ತ ಹಾಡುತ್ತಿತ್ತು. ಒಂದಿಷ್ಟೂ ಸದ್ದಿಲ್ಲ. ನಾನು ಅಕ್ಕನನ್ನು ನೋಡಿದೆ, ಹಕ್ಕಿಯನ್ನು ನೋಡಿದೆ, ಮತ್ತೆ ಅಕ್ಕನನ್ನು ನೋಡಿದೆ. ನಿದ್ದೆಗಣ್ಣಿನ ನನ್ನ ತಲೆಗೂ ಅದು ಹೊಳೆಯಿತು.

"ಅಕ್ಕಾ!" ಎಂದು ಕೂಗಿ ಓಡಿದೆ. "ನಿನ್ನ ದನಿ ಹೋಗಿಲ್ಲ! ನೀಲಾ ನುಂಗ್ಯಾಳ!"

ಅಕ್ಕ ಬೆಚ್ಚಿಬಿದ್ದು ಕಣ್ಣೊರೆಸಿಕೊಂಡಳು. "ಹುಚ್ಚ ಹಿಡೀತೇನೋ ನಿನಗ? ನೀಲವ್ವ ಯಾಕ ನುಂಗತಾಳ?"

ಅವಳಿಗೆ ತಿಳಿಸಿ ಹೇಳಲು ನನಗೆ ಸಾಕುಬೇಕಾಯಿತು. ತಾನು ಹಾಡುವುದು ತಲೆಯೊಳಗೆ ಸರಿಯಾಗಿ ಕೇಳುತ್ತದೆ, ಹೊರಗೆ ಗಾಳಿಯಲ್ಲಿ ಏನೂ ಇರುವುದಿಲ್ಲ ಎಂದಳು. ಬಹುಶಃ ಗಂಟಲು ಸತ್ತವರಿಗೆ ಹೀಗೇ ಅನ್ನಿಸುತ್ತದೆ ಎಂದುಕೊಂಡಿದ್ದಳಂತೆ. ನಮಗೆ ಹೇಳಿದರೆ ಸಂಕಟಪಡುತ್ತೇವೆಂದು ಒಬ್ಬಳೇ ಅತ್ತು ಮುಗಿಸಿದ್ದಳು.

"ಹಕ್ಕಿ ದನಿ ನುಂಗಾಕತ್ತಾರ ಅಂತ ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತೋ. ಮನಶ್ಯಾರದೂ ನುಂಗತಾರ ಅಂತ ಯಾರ ಅನಕೋತಾರ?"

"ಹಂಗಾರ ಒಂದ ಕೆಲಸ ಮಾಡು. ಬಿಸಿಲೇರಿದ ಮ್ಯಾಲೆ ಕಾಳು ಹಕ್ಕಿ ನುಂಗೂದಿಲ್ಲ. ಆಗ ಒಮ್ಮೆ ಹಾಡಿ ನೋಡು."

ಅಕ್ಕ ತಂಬೂರಿಯನ್ನು ಎದೆಗವಚಿಕೊಂಡಳು. "ಒಲ್ಲೆ."

"ಯಾಕ?"

"ಹಾಡಿ, ಆಗನೂ ಬರಲಿಲ್ಲಂದ್ರ? ಈಗರ ತಪ್ಪು ಸಾಸಿವಿ ಮ್ಯಾಲೆ ಹಾಕಾಕ ಬರತೈತಿ."

ನನ್ನ ಊಹೆಯೇ ತಪ್ಪಾಗಿದ್ದರೆ ಎಂಬ ಹೆದರಿಕೆ ನನಗೂ ಹತ್ತಿತು. ಚಹಾ ಕೂಡ ಕುಡಿಯದೆ ಕಂಟ್ರೋಲ್ ರೂಮಿಗೆ ಹೋದೆ.

ಕಂಟ್ರೋಲ್ ರೂಮಿನ ಗೋಡೆಯ ತುಂಬ ಊರಿನ ನಕ್ಷೆ, ಅದರ ಮೇಲೆ ಹಸಿರು ಚುಕ್ಕೆಗಳು. ಎಲ್ಲೆಲ್ಲಿ ಕಾಳುಗಳು ಸದ್ದು ನುಂಗುತ್ತಿವೆಯೋ ಅಲ್ಲಲ್ಲಿ ಚುಕ್ಕೆ ಮಿನುಗುತ್ತದೆ. ನೀಲಾ ಮತ್ತು ಅವಳ ಜೊತೆಗಾರ್ತಿ ಶಾಹಿದಾ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ನಾನು ಹೇಳಿದ್ದು ಕೇಳಿ ನೀಲಾಳ ಕೈಯಲ್ಲಿದ್ದ ರೊಟ್ಟಿಯ ಚೂರು ಹಾಗೇ ನಿಂತಿತು.

"ಆಗಾಕ ಸಾಧ್ಯನ ಇಲ್ರಿ. ನಾವ ಕುಂತು ಎಲ್ಲಾ ಕೇಳೀವಿ. ಬರೇ ಹಕ್ಕಿ ಅದಾವ."

"ಮತ್ತೊಮ್ಮೆ ಹಾಕು. ನಾನೂ ಕೇಳತೀನಿ."

ಹಾಕಿದಳು. ಮಡಿವಾಳ ಶುರುಮಾಡಿತು, ಪಿಕಳಾರ ಸೇರಿಕೊಂಡಿತು, ದೂರದಲ್ಲಿ ಕೆಂಬೂತ ಕೂಗಿತು. ಅವುಗಳ ಹಿಂದೆ, ಬಹಳ ಹಿಂದೆ, ಮೇಲಿನ ಸಾ ಹಿಡಿದು ಹೆಂಗಸೊಬ್ಬಳ ದನಿ ನೇರವಾಗಿ ನಿಂತಿತ್ತು. ಕೆಳಗಿನ ಸ್ವರಗಳು ಮಂಡಳಿ ಓಣಿಯ ಕಂಬಕ್ಕೆ ಕಟ್ಟಿದ್ದ ಮೈಕಿನ ತನಕ ತಲುಪಿರಲಿಲ್ಲ, ಮೇಲಿನವು ತಲುಪಿದ್ದವು. ಹೀಗಾಗಿ ಕಾಳುಗಳು ನುಂಗಲು ಕಲಿತದ್ದು ಮೇಲಿನವನ್ನಷ್ಟೇ.

ನಾನು ಶಾಹಿದಾಳ ಮುಖ ನೋಡಿದೆ. "ಹಕ್ಕಿ ಬಿಟ್ಟು ಬ್ಯಾರೆ ಏನರ ಕೇಳಿಸ್ತೇನವಾ?"

"ಇಲ್ರೀ ಸರ್," ಎಂದಳು ಆಕೆ ಪ್ರಾಮಾಣಿಕವಾಗಿ.

"ಯಾರೋ ಹಾಡಾಕತ್ತಾರಲ್ಲ?"

"ಹೌದ್ರಿ. ಅದು ಬರೇ ಮುಂಜಾನಿ ಸಪ್ಪಳಲ್ರೀ. ಮುಂಜಾನಿ ಅಂದ್ರ ಅದು ಇರೂದ."

ನೀಲಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಬೇರೆ ಊರಿನವರು ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ ಕೇಳಿದ ಕೂಡಲೇ, ಯಾರಿದು ಹಾಡುತ್ತಿರುವುದು ಎಂದು ಕೇಳುತ್ತಿದ್ದರು. ಇವರು ಹುಟ್ಟಿದಾಗಿನಿಂದ ಬೆಳಗಾದರೆ ಹಾಡುಗಾರರನ್ನು ಕೇಳುತ್ತ ಬೆಳೆದವರು. ಕಸಬರಿಗೆ ಕೇಳಿತು, ಕೆಮ್ಮು ಕೇಳಿತು, ರಿಯಾಜು ಮಾತ್ರ ಕೇಳಲೇ ಇಲ್ಲ. ಅಷ್ಟೂ ಜನ ಸೇರಿ ನಮ್ಮ ಅಕ್ಕನನ್ನು ಹಕ್ಕಿಗಳ ಪಟ್ಟಿಗೆ ಸೇರಿಸಿ ಕೂತಿದ್ದರು. ನೀಲಾ ಮೊದಲು ನಕ್ಕಳು, ಆಮೇಲೆ ಅಳತೊಡಗಿದಳು. ಶಾಹಿದಾ ಇಬ್ಬರಿಗೂ ಚಹಾ ತರಿಸಿದಳು.

ಆ ಸಂಜೆ ನೀಲಾ ಮಾಳಿಗೆಗೆ ಹೋಗಿ ಅಕ್ಕನ ಕಾಲ ಹತ್ತಿರ ಕೂತಳು. "ಅಕ್ಕಾರ, ತಪ್ಪಾತು. ನಿಮ್ಮ ದನಿ ಒಂದನ್ನ ಪಟ್ಟಿಯೊಳಗಿಂದ ತಗದಬಿಡ್ತೀನಿ, ಈಗಿಂದೀಗ. ಹಕ್ಕಿದು ಮಂಡಳಿ ಹುಕುಂ ಐತಿ, ಅದು ನನ್ನ ಕೈಯಾಗಿಲ್ಲ."

ಅಕ್ಕ ಅವಳ ತಲೆ ಸವರಿ ಹೇಳಿದಳು. "ನಿಂದೇನೂ ತಪ್ಪಿಲ್ಲ ಬಿಡು. ಆದರ ನನ್ನೊಬ್ಬಾಕಿನ್ನ ಬಿಡಬ್ಯಾಡ ನೀಲವ್ವಾ. ಅಲ್ಲಿ ನೀರಿನ ಟಾಕಿ ಮ್ಯಾಲೆ ಒಂದು ಹಕ್ಕಿ ದಿನಾ ಬಂದು ಕುಂದ್ರತೈತಿ. ಸುಮ್ಮನ ಬಾಯಿ ತಗೀತಿತ್ತು. ನಾ ನನ್ನ ದುಃಖದಾಗಿದ್ದೆ, ಅದರ ಕಡೆ ಲಕ್ಷ್ಯ ಕೊಡಲಿಲ್ಲ. ಈಗ ಅದಕ್ಕ ಹೆಂಗಾಗತೈತಿ ಅಂತ ನನಗ ಗೊತ್ತೈತಿ. ಗೊತ್ತಾದ ಮ್ಯಾಲೆ ಅದರ ಮುಂದ ಕುಂತು ನಾನೊಬ್ಬಾಕಿ ಹೆಂಗ ಹಾಡ್ಲಿ?"

"ಮತ್ತೇನ ಮಾಡೂದ್ರಿ?"

"ರಾಚಪ್ಪಗ ಹೇಳು. ನಾಳೆ ನಸುಕಿನ್ಯಾಗ ಓಣಿ ಮಂದೀನ ಕರಕೊಂಡು ನಮ್ಮ ಮಾಳಿಗಿಗೆ ಬರಬೇಕಂತ. ದಾಕ್ಷಕ್ಕ ಹಾಡ್ತಾಳಂತ ಹೇಳು. ಗಿರ್ಮಿಟ್ಟು, ಚಹಾ ನಮ್ಮನ್ಯಾಗ."

ಅಕ್ಕ ಮತ್ತೆ ಹಾಡುತ್ತಾಳೆಂದರೆ ನಮ್ಮ ಓಣಿಯವರು ಬಾರದಿರುತ್ತಾರೆಯೇ? ನಮ್ಮ ಓಣಿಯ ದಾಕ್ಷಕ್ಕ ಎಂದು ಹೊರಗಿನವರ ಮುಂದೆ ಎದೆಯುಬ್ಬಿಸುವವರಲ್ಲಿ ರಾಚಪ್ಪನವರೇ ಮೊದಲಿಗರು. ಶಾಲು, ಟೊಪ್ಪಿಗೆ ಹಾಕಿಕೊಂಡು, ಆಕಳಿಸುತ್ತ, ಕತ್ತಲಿರುವಾಗಲೇ ಬಂದು ಮಾಳಿಗೆಯ ತುಂಬ ಕೂತರು. ರಾಚಪ್ಪನವರ ಮಗನೂ ಪುಸ್ತಕ ಬಿಟ್ಟು ಬಂದಿದ್ದ. ನೀಲಾ ಕಂಟ್ರೋಲ್ ರೂಮಿನಲ್ಲಿದ್ದಳು. ನಾನು ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಿ ಕಣ್ಣು ಕೆಂಪು ಮಾಡಿಕೊಂಡಿದ್ದೆ.

ಅಕ್ಕ ತಂಬೂರಿ ಮಿಡಿದು ಕೆಳಗಿನ ಸಾ ಹಿಡಿದಳು. ಜನ ತಲೆದೂಗಿದರು. ಅವಳು ಏರುತ್ತ ಹೋದಳು. ಮೇಲಿನ ಸಾ ಬರಬೇಕಾದಲ್ಲಿ ದನಿ ನಿಂತಿತು. ಜನ ಕಾದರು. ಒಬ್ಬರನ್ನೊಬ್ಬರು ನೋಡಿದರು. ಯಾರೋ ಗಂಟಲು ಸರಿಮಾಡಿಕೊಂಡರು. ಕೊನೆಗೆ ರಾಚಪ್ಪನವರು ಮೆಲ್ಲಗೆ ಕೇಳಿದರು, "ಯಾಕ್ರೀ ಅಕ್ಕಾರ, ನಿಲ್ಲಿಸಿದ್ರಿ? ಗಂಟಲಾ ನೋಯತೈತೇನ್ರಿ?"

"ನಿಲ್ಲಿಸಿಲ್ಲೋ ರಾಚಪ್ಪಾ," ಎಂದಳು ಅಕ್ಕ. "ಹಾಡಾಕತ್ತೀನಿ."

ಅವರಿಗೆ ಅರ್ಥವಾಗಲಿಲ್ಲ. ಅಕ್ಕ ಟ್ಯಾಂಕಿನ ಕಡೆ ಕೈ ತೋರಿಸಿದಳು. "ಅಲ್ಲಿ ನೋಡು. ಅದೂ ಹಾಡಾಕತ್ತೈತಿ. ಇಬ್ಬರೂ ದಿನಾ ಹಿಂಗ ಹಾಡತೀವಿ."

ಅರೆಬೆಳಕಿನಲ್ಲಿ ಆ ಹಕ್ಕಿ ಮೈಯೆಲ್ಲ ಅದುರಿಸುತ್ತ ಬಾಯಿ ತೆರೆಯುತ್ತಿದ್ದುದು ಎಲ್ಲರಿಗೂ ಕಂಡಿತು. ನಡೆದದ್ದನ್ನು ನಾನು ವಿವರಿಸಿದೆ. ಕೇಳುತ್ತ ಕೇಳುತ್ತ ರಾಚಪ್ಪನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಂದ್ರ ಇಷ್ಟ ದಿನಾ ಅಕ್ಕಾರು ತಮ್ಮ ದನಿನ ಹೋತು ಅಂತ ತಿಳಕೊಂಡಿದ್ರ? ನಾ ಹೇಳಿ ಮಾಡಿಸಿದ್ದಕ್ಕ?" ಅವರ ಮುಖ ನೋಡಲಾಗಲಿಲ್ಲ. ಯಾರೂ ಹೇಳದೆ ತಾವೇ ಫೋನು ತೆಗೆದರು.

"ಮೇಡಮ್ಮಾರ, ರಾಚಪ್ಪ ಮಾತಾಡ್ತೀನ್ರಿ. ಹುಕುಂ ನಾ ವಾಪಸ್ ತಗೊಂಡೀನಿ, ಮಂಡಳಿಗೆ ನಾ ಹೇಳ್ತೀನಿ. ಬಿಡ್ರಿ. ಎಲ್ಲಾನೂ ಬಿಡ್ರಿ."

ನೀಲಾ ಬಿಟ್ಟಳು. ಮೊದಲು ಕೇಳಿದ್ದು ಟ್ಯಾಂಕಿನ ಮೇಲಿನ ಮಡಿವಾಳ. ಅರ್ಧ ಹಾಡಿದ್ದ ಸಾಲು ನಡುವಿನಿಂದಲೇ ನಮ್ಮ ಕಿವಿಗೆ ಬಿತ್ತು. ಹಕ್ಕಿಗೆ ತನ್ನದೇ ದನಿ ಕೇಳಿ ಗಾಬರಿಯಾಗಿರಬೇಕು, ಒಮ್ಮೆ ನಿಲ್ಲಿಸಿ ಕತ್ತು ಹೊರಳಿಸಿತು. ಓಣಿಯ ಆ ತುದಿಯಿಂದ ಇನ್ನೊಂದು ಮಡಿವಾಳ ಉತ್ತರ ಕೊಟ್ಟಿತು. ಆಮೇಲೆ ನುಗ್ಗೆಮರ, ಬೇವಿನಮರ, ಕರೆಂಟಿನ ತಂತಿ, ಎಲ್ಲಿಂದೆಲ್ಲಿಂದಲೋ ದನಿಗಳು ಬಂದು ಮಾಳಿಗೆಯ ಮೇಲೆ ಬಿದ್ದವು. ಕೂಸೊಂದು ಬೆಚ್ಚಿ ಅಳಲು ಹೋಗಿ, ಅಳದೆ ಸುಮ್ಮನೆ ಮೇಲೆ ನೋಡಿತು. ಪ್ರಾಣಿಶಾಸ್ತ್ರದ ಮೇಷ್ಟ್ರಾದ ನನಗೆ, ಇಷ್ಟು ವರ್ಷ ನಾನು ಮಲಗಿ ಏನೇನು ಕಳೆದುಕೊಂಡೆ ಎಂದು ಆಗ ಗೊತ್ತಾಗಿ ಹೊಟ್ಟೆ ಉರಿಯಿತು.

"ಗದ್ದಲಂತೂ ಖರೆನ ಐತಿ," ಎಂದ ರಾಚಪ್ಪನವರ ಮಗ. ಎಲ್ಲರೂ ನಕ್ಕರು. ಕೋಣೆಯ ಒಳಗೋಡೆಯ ಕಾಳುಗಳು ಮಾತ್ರ ನುಂಗುವಂತೆ, ಹೊರಗೋಡೆಯವು ಬಿಡುವಂತೆ ಮಾಡಬಹುದು, ಮನೆಮನೆಗೂ ಬಂದು ಬೇರ್ಪಡಿಸುವ ಕೆಲಸ ಹಿಡಿಯುತ್ತದೆ ಅಷ್ಟೇ ಎಂದು ನೀಲಾ ಫೋನಿನಲ್ಲಿ ಹೇಳಿದಳು. ಮಲಗುವವರು ಕಿಟಕಿ ಮುಚ್ಚಿಕೊಂಡು ಮಲಗಲಿ. ರಾಚಪ್ಪನವರು ಮೊದಲು ತಮ್ಮ ಮನೆಯಿಂದಲೇ ಶುರುಮಾಡಿರಿ ಎಂದರು.

ಈ ಮಾತುಕತೆಯಲ್ಲಿ ನಾವು ಅಕ್ಕನನ್ನು ಮರೆತಿದ್ದೆವು. ಅವಳು ತಂಬೂರಿಗೆ ಕಿವಿ ಹಚ್ಚಿ ಹಾಗೇ ಕೂತಿದ್ದಳು. ಇನ್ನು ತಪ್ಪು ಹೊರಿಸಲು ಸಾಸಿವೆಯೂ ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಮಾತು ನಿಲ್ಲಿಸಿದರು.

ಅಕ್ಕ ಕೆಳಗಿನ ಸಾ ಹಿಡಿದಳು. ಹಕ್ಕಿಗಳ ನಡುವೆ ದಾರಿ ಮಾಡಿಕೊಳ್ಳುತ್ತ ಒಂದೊಂದೇ ಸ್ವರ ಏರಿದಳು. ನಿ ಹತ್ತಿರ ಒಂದು ಕ್ಷಣ ನಿಂತು, ಕಣ್ಣು ಮುಚ್ಚಿ, ಮೇಲಿನ ಸಾ ಹಚ್ಚಿದಳು.

ಬಂತು. ಹೊರಗೆ ಬಂತು, ಗಾಳಿಯಲ್ಲಿ ಬಂತು. ಆದರೆ ಮೊದಲಿನಂತೆ ಬರಲಿಲ್ಲ. ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಆ ನುಣುಪಾದ ದನಿಯ ಅಂಚಿನಲ್ಲಿ ಈಗೊಂದು ಗೊಗ್ಗರು ಇತ್ತು, ಸೀಳಿದ ಬಿದಿರಿಗೆ ಇರುವಂಥದು. ಹಾಡು ತಿಳಿದವರು ಓಣಿಯಲ್ಲಿ ಬಹಳ ಮಂದಿ. ಅವರಿಗೆಲ್ಲ ಅದು ಕೇಳಿತು, ಅಕ್ಕನಿಗಂತೂ ಎಲ್ಲರಿಗಿಂತ ಮೊದಲೇ ಕೇಳಿರಬೇಕು. ಆದರೂ ಅವಳು ದನಿ ಬಿಡಲಿಲ್ಲ. ಉಸಿರು ಮುಗಿಯುವ ತನಕ ಹಿಡಿದು ನಿಂತು, ಆಮೇಲೆ ಇಳಿಸಿದಳು.

ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅಂಥ ನಗುವನ್ನು ಆಪರೇಷನ್ ಆದಾಗಿನಿಂದ ನಾನು ಕಂಡಿರಲೇ ಇಲ್ಲ.

"ಒಂದ ಕಡೆ ಒಡದೈತಿ," ಎಂದಳು. "ಭಾಳ ಕೆಲಸ ಕೇಳತೈತಿ ಇದು. ಚನ್ನೂ, ಆ ಶಿಗ್ಗಾಂವಿ ಹುಡಿಗಿಗೆ ಫೋನ್ ಮಾಡಿ ಬ್ಯಾರೆ ತಂಬೂರಿ ನೋಡ್ಕೋ ಅನ್ನು. ನೀವೆಲ್ಲಾ ಕೆಳಗ ಹೋಗಿ ಚಹಾ ಕುಡೀರಿ. ನಂದಿನ್ನೂ ಅರ್ಧಾ ತಾಸು ಮುಗಿದಿಲ್ಲ."